ಹಸಿರು ಬುಧವಾರ

ಫ್ರಿಜ್ಜಿನ ಬಾಗಿಲ ಮೇಲೆ ನಮ್ಮ ಮೂವರ ಕ್ಯಾಲೆಂಡರು.
ಬುಧವಾರ, ಶನಿವಾರ ಹಸಿರು: ಕ್ಯಾಲಮ್ ನೆರಿಡಾಳ ಮನೆಯಲ್ಲಿ,
ಸೇತುವೆಯ ಆಚೆ, ಬೆಲರೀವ್‌ನಲ್ಲಿ.
ಉಳಿದ ದಿನ ನೀಲಿ. ನೀಲಿ ಅಂದರೆ ನಾನು,
ಹೆಸರು ನೀಲಾಂಬಿಕೆ ಆದ್ದರಿಂದ.
ಆರು ವರ್ಷದ ಹಿಂದೆ ಸ್ಕೆಚ್ ಪೆನ್ನು ಹಿಡಿದು
ನಗುನಗುತ್ತ ಬಣ್ಣ ಆರಿಸಿದವಳೂ ನಾನೇ.
ಯಾರೂ ನನಗೆ ಮೋಸ ಮಾಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ,
ಕೇಳುವವರು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತಾರೆ.

ಜೂನ್. ಹೋಬಾರ್ಟಿನಲ್ಲಿ ನಾಲ್ಕೂಮುಕ್ಕಾಲಿಗೆ ಕತ್ತಲು.
ನಾನು ಗ್ಲೆನಾರ್ಕಿಯ ಬಸ್ಸು ಓಡಿಸುತ್ತೇನೆ.
ಬ್ರೇಕು, ಬಾಗಿಲು, ಥ್ಯಾಂಕ್ಯೂ ಡ್ರೈವರ್, ಬಾಗಿಲು.
ಕೊನೆಯ ಟ್ರಿಪ್ಪು ಮುಗಿದ ಮೇಲೆ ಬೋರ್ಡು ಬದಲಿಸಬೇಕು:
ಸೇವೆಯಲ್ಲಿಲ್ಲ.
ಒಳಗೆ ದೀಪ ಉರಿಯುತ್ತಿರುತ್ತದೆ, ಸೀಟುಗಳು ಇನ್ನೂ ಬೆಚ್ಚಗೆ.
ಸ್ಟಾಪಿನಲ್ಲಿ ನಿಂತವರು ಕೈ ಚಾಚುತ್ತಾರೆ,
ಓದಿ, ಇಳಿಸುತ್ತಾರೆ.

ಡಾಕ್ಟರ್ ಕೇಳಿದಳು: ನಿದ್ದೆ? ಹಸಿವು? ಬಯಕೆ?
ಅವಳು ಅಂದದ್ದು ಬೇರೆ ಪದ. ನನ್ನೊಳಗೆ ಅದು ಬಯಕೆ ಅಂತ ಬಿತ್ತು,
ಬಿದ್ದದ್ದೇ ಗದಗಿನ ನಮ್ಮ ಅಡುಗೆಮನೆ,
ತಂಗಿ ಹೊಟ್ಟೆಯಲ್ಲಿದ್ದಾಗ ಅವ್ವ
ಉಪ್ಪು ಹಚ್ಚಿ ಕದ್ದು ಕಡಿಯುತ್ತಿದ್ದ ಹುಣಸೆಕಾಯಿ.
ಇಲ್ಲ, ಅಂದೆ.
ಎಷ್ಟು ದಿನದಿಂದ?
ಬೇಸಿಗೆಯಿಂದ. ನಿಮ್ಮ ಬೇಸಿಗೆ, ಡಿಸೆಂಬರ್.
ಮಾತ್ರೆಯಿಂದಲೂ ಹೀಗಾಗುತ್ತದೆ, ಅಂದಳು.
ಮಾತ್ರೆ ಬಿಟ್ಟಾಗಲೂ ಹೀಗೇ ಇತ್ತು, ಅಂದೆ.
ಇಬ್ಬರೂ ಸ್ವಲ್ಪ ನಕ್ಕೆವು.

ಕ್ಯಾಲಮ್ ಏನೂ ಕೇಳುವುದಿಲ್ಲ. ಅದೇ ತೊಂದರೆ.
ಬೆನ್ನ ಮೇಲೆ ಅಂಗೈ ಇಡುತ್ತಾನೆ,
ಕಾದಿದೆಯೋ ಇಲ್ಲವೋ ಎಂದು ಹಂಚು ಮುಟ್ಟಿ ನೋಡುವವನ ಹಾಗೆ,
ತೆಗೆಯುತ್ತಾನೆ. ಪರವಾಗಿಲ್ಲ, ಅವಸರವಿಲ್ಲ.
ಅವಸರ ಯಾಕಿದ್ದೀತು. ಬುಧವಾರ ಬರುತ್ತದೆ.
ಬೇರೆ ಹೆಂಗಸರಿಗೆ ಜಗಳವಾದರೂ ಇರುತ್ತದೆ,
ಮುನಿಸಿಕೊಂಡು ಗೋಡೆಗೆ ತಿರುಗುವ ಗಂಡ.
ನನಗೆ ರಜೆ ಮಂಜೂರಾಗಿದೆ, ಸಂಬಳಸಹಿತ.
ಹೊಟ್ಟೆಕಿಚ್ಚಾದರೂ ಬಂದೀತೇ ಎಂದು ಒಂದು ಶನಿವಾರ ರಾತ್ರಿಯಿಡೀ ಕಾದೆ.
ಅವಳ ಹಾಸಿಗೆ, ಅವಳ ಹಿಮ್ಮಡಿ, ಅವನ ನಗು
ಎಲ್ಲ ಕಣ್ಣೆದುರು ತಂದುಕೊಂಡೆ,
ಹಸಿ ಕಟ್ಟಿಗೆಯ ಪಕ್ಕ ಕಡ್ಡಿ ಗೀರುತ್ತ ಗೀರುತ್ತ.
ಬರಲಿಲ್ಲ. ಅದಕ್ಕೆ ಅತ್ತೆ.

ಅವ್ವ ಫೋನಿನಲ್ಲಿ:
ಅಂವಾ ಎಲ್ಲದಾನ?
ಡ್ಯೂಟಿಗೆ ಹೋಗ್ಯಾನ.
ಬುಧವಾರಕ್ಕೊಮ್ಮೆ ನೈಟ್ ಡ್ಯೂಟಿ ಏನವಾ?
ಹೂಂ.
ಉಂಡ್ಯಾ?
ಹೂಂ.
ಎರಡೂ ಸುಳ್ಳು ಒಂದೇ ತೂಕ.

ಜುಲೈನ ಒಂದು ಹಸಿರು ದಿನ ಬಾಗಿಲು ತಟ್ಟಿದವಳು ನೆರಿಡಾ.
ಅವನು?
ನನ್ನ ಸೋಫಾ ಮೇಲೆ, ಟಿವಿ ಮುಂದೆ, ಬಾಯಿ ತೆರೆದು.
ಒಂದು ಚೀಲ ನಿಂಬೆಹಣ್ಣು ಮೇಜಿಗಿಟ್ಟಳು, ಅವಳ ಗಿಡದ್ದು.
ನನ್ನ ಮುಖ ನೋಡಲಿಲ್ಲ. ಕಾಲು ನೋಡಿದಳು,
ಕಾಲುಚೀಲ ಹರಿದು ಹೊರಬಂದ ಹೆಬ್ಬೆರಳ ಉಗುರು.
ಕತ್ತರಿ ಎಲ್ಲಿ?
ಓಟ್‌ಲ್ಯಾಂಡ್ಸಿನ ಕುರಿ ಸಾಕುವವರ ಮಗಳು.
ಸಾವಿರ ಗೊರಸು ಸವರಿದ್ದೇನೆ, ನೀನು ಒದೆಯದಿದ್ದರೆ ಸಾಕು, ಅಂದಳು.
ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು,
ಹೇಳಬೇಕೆಂದಿದ್ದೆ. ಈ ಊರಿನ ಚಳಿಗಾಲದಲ್ಲಿ
ಡ್ಯೂಟಿ ಮುಗಿಸಿ ಬಂದವಳಿಗೆ ದೀಪವಿಲ್ಲದ ಹೊತ್ತು ಯಾವುದು?
ಅವಳ ಮಡಿಲಿಗೆ ಕಾಲು ಕೊಟ್ಟೆ.
ಟಕ್. ಟಕ್. ಚೂರುಗಳು ಕರೆಂಟ್ ಬಿಲ್ಲಿನ ಮೇಲೆ.
ಅವಳು ಪರವಾಗಿಲ್ಲ ಅನ್ನಲಿಲ್ಲ.
ತುಂಬಾ ಹದಗೆಟ್ಟಿವೆ, ಅಂದಳು.
ಕೇಳಿ ಹಾಯೆನಿಸಿತು.

ಗುಣವೇನೂ ಆಗಲಿಲ್ಲ.
ಗುರುವಾರ ಕ್ಯಾಲಮ್ ಬಂದ, ಅಂಗೈ ಇಟ್ಟ.
ಹಾಗೇ ಇಟ್ಟಿರು, ಅಂದೆ. ಮುಂದೆ ಏನೂ ಇಲ್ಲ.
ಪರವಾಗಿಲ್ಲ ಮಾತ್ರ ಅನ್ನಬೇಡ.
ಬಹಳ ಹೊತ್ತಾದ ಮೇಲೆ, ಮಲಗಿದನೇನೋ ಅಂದುಕೊಂಡಾಗ,
ಅಂದ: ನನಗೆ ನೀನು ಬೇಕಿತ್ತು. ಬೇಸರವಾಗಿದೆ.
ಕೈ ತೆಗೆಯಲಿಲ್ಲ.

ಮೂರು ಗಂಟೆಗೆ ಎಚ್ಚರ.
ಅಡುಗೆಮನೆಯ ನೆಲ ಮಂಜುಗಡ್ಡೆ.
ಒಂದು ನಿಂಬೆಹಣ್ಣು ಹೋಳು ಮಾಡಿ, ಉಪ್ಪು ಹಚ್ಚಿ,
ಆ ಕ್ಯಾಲೆಂಡರಿಗೇ ಬೆನ್ನು ಒರಗಿಸಿ ಚೀಪಿದೆ.
ಬಾಯಿ ನನ್ನನ್ನು ಕೇಳದೆ ನೀರೂರಿತು.
ಇನ್ನೊಂದು ಹೋಳು ಬೇಕೆನಿಸಿತು.
ಐದೂವರೆಗೆ ಮೊದಲ ಬಸ್ಸು.